ತೂಬಿನ ಕಲ್ಲಿನ ಮೇಲಿನ ಹೆಸರು

ಕೊಂಢವಾ, ಪುಣೆ
೧೦ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮಗಳ ಶರಣು. ಮೊಣಕಾಲಿನ ನೋವು ಹೇಗಿದೆ? ನಿನ್ನವ್ವ, ನಮ್ಮ ಆಯಿ, ಈಗಲಾದರೂ ಎರಡು ಹೊತ್ತು ಉಣ್ಣುತ್ತಾಳೆಯೇ? ನಾವಿಲ್ಲಿ ಆರಾಮವಾಗಿದ್ದೇವೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ದತ್ತು ನಿಧಾನವಾಗಿ ಓದಿ ಹೇಳಲಿ.

ನಿನ್ನೆ ನಮ್ಮ ಮೇಸ್ತ್ರಿ ನಿತಿನ ಭತ್ತದ ಕೊಯ್ಲಿಗೆಂದು ನನ್ನನ್ನೂ ನಿನ್ನ ಅಳಿಯನನ್ನೂ ತನ್ನೂರು ಪಠಾರವಾಡಿಗೆ ಕರೆದೊಯ್ದಿದ್ದ. ಭೋರ್ ದಾಟಿ ಘಾಟು ಹತ್ತಿದರೆ ಮೋಡ ಕಾಲ ಕೆಳಗೆ ಉಳಿಯುತ್ತದೆ, ಅಷ್ಟು ಎತ್ತರದ ಊರು. ಗುಡ್ಡವನ್ನೇ ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿದ್ದಾರೆ. ಎಲ್ಲಕ್ಕೂ ಮೇಲೆ ಕೆರೆ. ಅದರ ಒಡ್ಡು ಮೂರಂತಸ್ತಿನ ಮನೆಯಷ್ಟು ಎತ್ತರ, ಆದರೆ ಸಿಮೆಂಟಿನ ಸುಳಿವಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿದ್ದು, ನಡುವೆ ಬೆರಳು ಹೋಗುವುದಿಲ್ಲ. ಹದಿನೈದು ವರ್ಷ ಗಾರೆ ಹೊತ್ತ ನಾನು ನೋಡುತ್ತ ನಿಂತುಬಿಟ್ಟೆ. ಎಪ್ಪತ್ತೆರಡರ ಬರದಲ್ಲಿ ಕೂಲಿಗೆ ಬಂದ ಕನ್ನಡದ ಜನ ಕಟ್ಟಿದ್ದು, ಅದರಿಂದಲೇ ಈ ಊರಿಗೆ ಎರಡನೆಯ ಬೆಳೆ ಬಂತು ಎಂದಳು ನಿತಿನನ ಅಜ್ಜಿ ಸಾವಿತ್ರಿಬಾಯಿ.

ಒಡ್ಡಿನ ತೂಬಿನ ಕಲ್ಲು ಅರಿಶಿನದಿಂದ ಹಳದಿಯಾಗಿತ್ತು. ಊರವರಿಗೆ ಅದು ಕಾನಡೀ ದೇವಿ, ಅಂದರೆ ಕನ್ನಡದ ದೇವಿ; ಕೊಯ್ಲಿನ ಮೊದಲ ತೆನೆ ಅವಳಿಗೇ. ಮೇಲೆ ಕೊರೆದ ಅಕ್ಷರ ಯಾರಿಗೂ ಓದಲು ಬರುತ್ತಿರಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ‘ಚಂದಮ್ಮ, ಭೀಮಣ್ಣನ ಮಗಳು, ಕಲ್ಲೂರ’ ಎಂದಿತ್ತು.

ನಿನ್ನ ಹೆಸರು, ಅವ್ವಾ.

ಮೂರು ತಿಂಗಳ ಕೂಸಾದ ನಿನ್ನನ್ನು ಬಿಟ್ಟು ಕೂಲಿಗೆ ಹೋದ ನಿನ್ನಪ್ಪ, ನಮ್ಮ ಭೀಮಣ್ಣ ಮುತ್ಯಾ, ತಿರುಗಿ ಬರಲಿಲ್ಲ. ‘ಅಂವ ಇನ್ನೊಬ್ಬಾಕಿನ್ನ ಕಟ್ಟಿಕೊಂಡಾನ’ ಎಂದು ಆಯಿ ಇಂದಿಗೂ ಹೇಳುತ್ತಾಳೆ. ನಾನು ಓದಿ ಹೇಳಿದಾಗ ಸಾವಿತ್ರಿಬಾಯಿ ನೆಲಕ್ಕೆ ಕೂತಳು. ಆ ಅಕ್ಷರ ಕೊರೆದವನು ತೂಬು ಕೂಡಿಸಿದ ಮಾರನೆಯ ದಿನವೇ ಬಂಡೆ ಜಾರಿ ಸತ್ತನಂತೆ. ಒಬ್ಬನೇ ಬಂದಿದ್ದರಿಂದ, ಓದು ಬಾರದ ಜೊತೆಯವರಿಗೂ ಅವನ ಊರು ಗೊತ್ತಿರಲಿಲ್ಲ. ಊರವರೇ ಹೆಗಲು ಕೊಟ್ಟು ಕೆರೆಯ ಪಕ್ಕ ಮಣ್ಣು ಮಾಡಿದ್ದಾರೆ. ‘ಇಷ್ಟು ವರ್ಷಕ್ಕ ದೇವಿ ಹೆಸರು ತಿಳೀತು’ ಎಂದು ಆಕೆ ಮರಾಠಿಯಲ್ಲಿ ಹೇಳಿ, ದೇವಿಗೆಂದು ತಂದ ತೆನೆಯನ್ನು ನನ್ನ ಉಡಿಗೆ ಹಾಕಿದಳು.

ಆಯಿಯ ಪಾದಕ್ಕೆ ನನ್ನ ಹಣೆ, ದತ್ತುವಿನ ಮಕ್ಕಳಿಗೆ ಒಂದೊಂದು ಮುತ್ತು.

ನಿನ್ನ
ಶಿವಕಾಂತಾ

ತಾ.ಕ.: ಇದೊಂದನ್ನು ಆಯಿಗೆ ಮೊದಲು ಓದಿ ಹೇಳಿ. ಮುತ್ಯಾ ಸತ್ತ ದಿನ ಊರಿಗೆ ಹೊರಟಿದ್ದ. ಕಟ್ಟಿಟ್ಟ ಗಂಟಿನಲ್ಲಿ ಕೂಸಿನ ಹಸಿರು ಅಂಗಿ ಇತ್ತಂತೆ. ಸಾವಿತ್ರಿಬಾಯಿ ನನ್ನ ಕೈ ಹಿಡಿದು ಹೇಳಿದಳು: ‘ಯಾರಿಗೆ ಮುಟ್ಟಿಸಬೇಕಂತ ತಿಳೀಲಿಲ್ಲ, ನನ್ನ ಮಗಗ ತೊಡಿಸಿದೆ. ಚಂದಮ್ಮಗ ತಪ್ಪು ತಿಳೀಬ್ಯಾಡ ಅಂತ ಹೇಳು.’