ನೀರು ಹೊಕ್ಕ ಗಾಡಿ

ಮಸ್ಕಿ
೨೬ ಅಕ್ಟೋಬರ್ ೨೦೨೫

ಪ್ರೀತಿಯ ಪದ್ಮಾವತಿಗೆ ನಿನ್ನ ದಾನೇಶ್ವರಿಯ ನಮಸ್ಕಾರ.

ದಸರೆಯಲ್ಲಿ ನೀನು ಮಾಡಿದ ಫೋನು ನಾನು ಎತ್ತಲಿಲ್ಲ, ಆಮೇಲೆ ನಾನಾಗಿಯೂ ಮಾಡಲಿಲ್ಲ. ನಿನಗೆ ಸಿಟ್ಟು ಬಂದಿದ್ದರೆ ತಪ್ಪು ನನ್ನದೇ. ಫೋನು ಹಿಡಿದು ಕೂತರೆ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅದಕ್ಕೇ ಈ ಕಾಗದ. ಬೀದರಿನ ಆಸ್ಪತ್ರೆಯ ಕೆಲಸ ಒಗ್ಗಿತೇ? ಅಲ್ಲಿ ಗಾಡಿ ಓಡಿಸುತ್ತಿದ್ದೀಯೋ, ಕೈ ಬಿಟ್ಟಿದ್ದೀಯೋ? ಬಿಡಬೇಡ. ನನ್ನ ಹತ್ತಿರ ಡ್ರೈವಿಂಗ್ ಕಲಿತವರಲ್ಲಿ ನೀನೇ ಮೊದಲನೆಯವಳು. ಲಿಂಗಸುಗೂರು ರಸ್ತೆಯಲ್ಲಿ ಕುರಿಹಿಂಡು ಎದುರಾದಾಗ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡಿದ್ದೆಯಲ್ಲ! ನನ್ನ ಕಾಲ ಕೆಳಗೆ ಎರಡನೇ ಬ್ರೇಕು ಇಲ್ಲದಿದ್ದರೆ ಅವತ್ತು ಇಬ್ಬರೂ ಕುರಿಯವರ ಕೈಯಲ್ಲಿ ಹೊಡೆಸಿಕೊಂಡು ಬರುತ್ತಿದ್ದೆವು.

ಆ ಗಾಡಿ ಈಗ ಇಲ್ಲ, ಪದ್ಮಾ.

ಹೋದ ತಿಂಗಳು ಮೇಲಿನ ಊರುಗಳಲ್ಲಿ ಮಳೆ ಹೊಡೆದು ನಮ್ಮ ಹಳ್ಳ ತುಂಬಿತು. ಬೆಳಗಿನ ಜಾವ ಓಣಿಯಲ್ಲಿ ಕೂಗಾಟ ಕೇಳಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನೀರು. ಗಾಡಿಯ ಬಾನೆಟ್ಟು ಮುಳುಗಿ ಮೇಲಿನ ಗಾಜು ಮಾತ್ರ ಕಾಣುತ್ತಿತ್ತು. ಹಿಂದೆ ಹಚ್ಚಿದ ಕೆಂಪು 'ಎಲ್' ಬೋರ್ಡು ಕಿತ್ತು ತೇಲಿಕೊಂಡು ಹೋಯಿತು. ಮಧ್ಯಾಹ್ನಕ್ಕೆ ನೀರು ಇಳಿದಾಗ ಬಾಗಿಲು ತೆಗೆದು ನೋಡಿದೆ. ಸೀಟಿನ ತುಂಬ ರಾಡಿ, ಮೀಟರಿನ ಗಾಜಿನೊಳಗೆ ಕೆಂಪು ನೀರು, ಪೆಡಲ್ಲುಗಳಿಗೆ ಸುತ್ತಿಕೊಂಡ ಭತ್ತದ ಹುಲ್ಲು. ಯಾರ ಗದ್ದೆಯದೋ ಏನೋ.

ಸಿಂಧನೂರಿನ ಮೆಕ್ಯಾನಿಕ್ ಶಾವಲಿಗೆ ಫೋನು ಮಾಡಿದೆ. "ಅಕ್ಕಾ, ಕೀಲಿ ಮಾತ್ರ ತಿರುವಬ್ಯಾಡ್ರಿ. ಇಂಜಿನ್ನಿನ್ಯಾಗ ನೀರು ಹೊಕ್ಕಿರತೈತಿ. ಸ್ಟಾರ್ಟ್ ಮಾಡಿದ್ರ ಒಳಗ ಮುರೀತೈತಿ. ಬ್ಯಾಟರಿ ವೈರ್ ಬಿಚ್ಚಿಡ್ರಿ, ನಾಳೆ ನಾನ ಬಂದು ಎಳಕೊಂಡು ಹೋಗ್ತೀನಿ" ಅಂದ. ನನಗೂ ಅದು ಗೊತ್ತಿತ್ತು. ನಮ್ಮ ಮನೆಯವರಿಗೂ ಹೇಳಿದೆ. ಬ್ಯಾಟರಿ ಬಿಚ್ಚಲು ಪಾನಾ ತರುತ್ತೇನೆಂದು ಒಳಗೆ ಹೋದೆ. ಅಷ್ಟರಲ್ಲಿ ಇವರು ಗಾಬರಿಯಲ್ಲಿ ಕೀಲಿ ತಿರುವಿಬಿಟ್ಟರು. ಗಡಕ್ ಎಂದು ಸದ್ದಾಯಿತು, ಗಾಡಿ ಒಮ್ಮೆ ನಡುಗಿ ಸುಮ್ಮನಾಯಿತು. ಗಂಡಸರ ಅವಸರ ನಿನಗೆ ಗೊತ್ತಲ್ಲ.

ಶಾವಲಿ ಗಾಡಿಯನ್ನು ಎಳೆದುಕೊಂಡು ಹೋದ. ಸೀಟುಗಳನ್ನು ಮಾತ್ರ ಬಿಚ್ಚಿ ನನಗೆ ಕೊಟ್ಟ. ಮಾಳಿಗೆಯ ಮೇಲೆ ಒಣಹಾಕಿ, ಸೋಪಿನ ನೀರಿನಲ್ಲಿ ಉಜ್ಜಿ, ಮತ್ತೆ ಒಣಹಾಕಿದೆ. ಮೇಲೆ ಒಣಗಿದಂತೆ ಕಾಣುತ್ತಿತ್ತು, ಕೈಯಿಂದ ಒತ್ತಿದರೆ ಒಳಗಿನಿಂದ ಹಳ್ಳದ ನೀರು ಬರುತ್ತಿತ್ತು. ಆ ವಾಸನೆ ಮನೆಯೊಳಗೂ ಬಂದು, ಊಟಕ್ಕೆ ಕೂತರೂ ಅದೇ.

ಆಮೇಲೆ ಇನ್ಶೂರೆನ್ಸಿನವರು ಒಬ್ಬ ಸರ್ವೇಯರನ್ನು ಕಳಿಸಿದರು. ಸಿಂಧನೂರಿನ ಗ್ಯಾರೇಜಿಗೆ ನಾನೂ ಇವರೂ ಹೋದೆವು. ಶಾವಲಿ ಇಂಜಿನ್ನು ಬಿಚ್ಚಿಟ್ಟಿದ್ದ. ಒಳಗಿನ ಒಂದು ರಾಡು ಬಗ್ಗಿತ್ತು. ಸರ್ವೇಯರು ಅದನ್ನು ನೋಡಿ, "ನೀರು ಹೊಕ್ಕಮ್ಯಾಲ ಯಾರರ ಸ್ಟಾರ್ಟ್ ಮಾಡೀರೇನ್ರಿ? ಮಾಡಿದ್ರ ಇಂಜಿನ್ನಿಗೆ ಕ್ಲೇಮ್ ಬರಂಗಿಲ್ಲ" ಅಂದರು.

ನಾನು ಇವರ ಮುಖ ನೋಡಿದೆ. ಇವರು ನನ್ನ ಕಡೆ ನೋಡದೆ, "ಗಾಡಿ ಈಕೀದು ರೀ. ಕೀಲಿ ಈಕಿ ಕಡೀನ ಇರತೈತಿ. ಈಕೀನ ತಿರುವಿರಬೇಕು" ಅಂದರು.

ಸರ್ವೇಯರು ನಕ್ಕರು. "ಏನ್ ಮೇಡಂ, ಮಂದಿಗೆ ಡ್ರೈವಿಂಗ್ ಕಲಸಾವ್ರು ನೀವು. ಇಷ್ಟೂ ತಿಳೀಲಿಲ್ಲೇನ್ರಿ?"

ಶಾವಲಿ ಏನೋ ಹೇಳಲು ಬಾಯಿ ತೆರೆದ. ನಾನು ತಲೆ ಅಲ್ಲಾಡಿಸಿ ಅವನನ್ನು ತಡೆದೆ. ಹೊರಗಿನವರ ಮುಂದೆ ಗಂಡನನ್ನು ಸುಳ್ಳ ಅನ್ನಿಸುವುದು ಹೇಗೆ? "ಹೌದ್ರಿ, ಅವಸರದಾಗ ಆತು" ಅಂದೆ.

ಕ್ಲೇಮು ಹೋಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ನಾವು ಮಸ್ಕಿಗೆ ಬರುವಷ್ಟರಲ್ಲಿ ನನ್ನ ಮಾತು ನಮಗಿಂತ ಮುಂಚೆ ಬಂದು ಮುಟ್ಟಿತ್ತು. ಅಂಗನವಾಡಿಯ ಪಂಪಮ್ಮ ಅರ್ಧ ಕಲಿತಿದ್ದಳು, ಚೆನ್ನಾಗಿಯೂ ಓಡಿಸುತ್ತಿದ್ದಳು. ಬೇರೆ ಗಾಡಿ ಬಾಡಿಗೆಗೆ ತಂದು ಉಳಿದದ್ದನ್ನು ಕಲಿಸುತ್ತೇನೆ ಎಂದು ಅವಳ ಮನೆಗೆ ಹೋದರೆ ಹೊಸ್ತಿಲಲ್ಲೇ ನಿಂತು, "ಬ್ಯಾಡಕ್ಕಾ. ಕಲಸಾಕೀನ ಗಾಡಿ ಕೆಡಿಸ್ಯಾಳ, ನೀ ಏನ್ ಕಲೀತಿ ಅಂತ ಮನ್ಯಾಗ ನಗಾಕತ್ತಾರ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಮುದಗಲ್ಲಿನಿಂದ ಬರುತ್ತಿದ್ದ ಇಬ್ಬರು ಟೀಚರುಗಳು ಫೋನೇ ಎತ್ತಲಿಲ್ಲ.

ಕೊನೆಗೆ ಗಾಡಿಯನ್ನು ಗುಜರಿಯವನು ಒಯ್ದ. ಆ ದಿನ ನಾನು ಹೋಗಲಿಲ್ಲ. ಎರಡನೇ ಬ್ರೇಕಿನ ಪೆಡಲ್ಲನ್ನು ಬಿಚ್ಚಿಡಲೇ ಎಂದು ಶಾವಲಿ ಕೇಳಿದ. ಬೇಡ ಅಂದೆ. ಈಗ ನಾನು ಇವರ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ. ಭತ್ತಕ್ಕೆ ಗೊಬ್ಬರ ಹಾಕುವ ಕಾಲ, ಜನ ತುಂಬಿರುತ್ತಾರೆ, ಹೊತ್ತು ಹೋಗುತ್ತದೆ. ಗುರುಗುಂಟಾದ ಬಸ್ಸು ಅಂಗಡಿಯ ಮುಂದೆ ಗೇರು ಬದಲಿಸುವ ಸದ್ದಿಗೆ ಮಾತ್ರ ನನ್ನ ಎಡಗಾಲು ತಾನಾಗಿ ಕ್ಲಚ್ಚು ಒತ್ತುತ್ತದೆ. ಯಾರೂ ನೋಡುವುದಿಲ್ಲ.

ಇದನ್ನೆಲ್ಲ ಓದಿ ನೀನು ಮರುಗಬೇಡ. ನಿನ್ನ ತಾಯಿ ಯಂಕಮ್ಮನಿಗೆ ನನ್ನ ಶರಣು ಹೇಳು. ಮಗನ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿಡು, ದೊಡ್ಡವನಾಗಲಿ, ದೇವರು ನಿನ್ನ ಮನೆ ತಣ್ಣಗಿಡಲಿ.

ನಿನ್ನವಳೇ,
ದಾನೇಶ್ವರಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ 'ಗಾಬರಿಯಲ್ಲಿ' ಎಂದು ಬರೆದಿದ್ದೇನೆ, ಅದು ನಿಜವಲ್ಲ. ಇವರು ಮೊದಲ ಸಲ ಕೀಲಿ ತಿರುವಿದಾಗ ಗಾಡಿ ಸುಮ್ಮನೆ ಗೊರಗುಟ್ಟಿತು, ಅಷ್ಟೇ. ಆ ಸದ್ದಿಗೆ ನಾನು ಓಡಿ ಬಂದು ಗಾಡಿಯ ಮುಂದೆಯೇ ನಿಂತು, "ಬ್ಯಾಡ್ರಿ, ಮುರೀತೈತಿ" ಎಂದು ಕೂಗಿದೆ. ಇವರು ಕೇಳಿಸಿಕೊಂಡರು. ತಲೆಯೆತ್ತಿ ಗಾಜಿನೊಳಗಿಂದ ನನ್ನನ್ನೇ ನೋಡಿದರು. ನೋಡುತ್ತಲೇ ಇನ್ನೊಮ್ಮೆ ತಿರುವಿದರು. ಆಗ ಮುರಿಯಿತು. ಅಂಗಡಿಗೆ ಬರುವವರು ಇವರನ್ನು 'ಡ್ರೈವರಮ್ಮನ ಗಂಡ' ಎಂದು ಆಡಿಕೊಳ್ಳುತ್ತಿದ್ದರು ಎಂಬುದು ನನಗೆ ಈಚೆಗಷ್ಟೇ ತಿಳಿಯಿತು. ಗಾಡಿ ಹೋದಮೇಲೆ ಇವರು ನನ್ನ ಮೇಲೆ ಒಂದು ಸಲವೂ ರೇಗಿಲ್ಲ, ಪದ್ಮಾ. ಬೆಳಿಗ್ಗೆ ತಾವೇ ಚಹಾ ಮಾಡಿ ನನ್ನ ಕೈಗೆ ಕೊಡುತ್ತಾರೆ. ಮದುವೆಯಾದಾಗಿನಿಂದ ಇವರನ್ನು ಇಷ್ಟು ಖುಷಿಯಾಗಿ ನಾನು ನೋಡೇ ಇಲ್ಲ.