ಒಂದೇ ಒಂದು ಕೆಂಪು ಹಂಚು

ದಿವಾಕರ್,

ಇವತ್ತು ಒಂದು ಸುಳ್ಳು ಹೇಳಿದೆ. ಅದನ್ನು ಬರೆಯದೇ ಬಿಡುವವಳಿದ್ದೆ.

ಮಧುಗಿರಿ ಬೆಟ್ಟದ ಕೋತಿಗಳು ನಮ್ಮ ಮನೆಯ ಕಾಂಕ್ರೀಟ್ ಹಂಚೊಂದನ್ನು ಒಡೆದಿದ್ದವು. ಮನೆ ಕಟ್ಟಿದಾಗ ಮಿಕ್ಕಿದ ಹಂಚುಗಳನ್ನು ನೀನು ಹಿತ್ತಲ ಕೋಣೆಯಲ್ಲಿ ಜೋಡಿಸಿಟ್ಟಿದ್ದೆಯಲ್ಲ, ಅದರಲ್ಲೊಂದನ್ನು ಗಾರೆ ಕೆಲಸದ ಕದಿರಯ್ಯ ಹಾಕಿದ.

"ಹಂಚು ಗಟ್ಟಿ ಅವೆ ಕಣಮ್ಮ, ಇನ್ನೂ ಮೂವತ್ತು ವರ್ಸ ಬತ್ತವೆ. ಬಿಸ್ಲಿಗೆ ಬಣ್ಣ ಹೋಗೈತೆ ಅಷ್ಟೆ. ಸಾರ್ ಎಲ್ಲಿ?"

"ಕೆಲಸಕ್ಕೆ ಹೋಗಿದ್ದಾರೆ, ಸಂಜೆ ಬರ್ತಾರೆ," ಅಂದೆ. ನೀನು ಮನೆ ಬಿಟ್ಟು ಮೂರು ವರ್ಷವಾಯಿತು. ಯಾಕೆ ಹಾಗೆ ಅಂದೆನೋ.

ಮಾಸಿದ ಸೂರಿನಲ್ಲಿ ಆ ಹಂಚೊಂದೇ ಕೆಂಪಗೆ ಎದ್ದು ಕಾಣುತ್ತದೆ. "ಇದೂ ಮಾಸುತ್ತಾ?" ಎಂದು ಕೇಳಿದೆ.

"ಹತ್ತು ವರ್ಸ ಹೋಗ್ಲಿ, ಯಾವ್ದು ಹೊಸ್ದು ಅಂತ ಸಾರ್‌ಗೂ ಗೊತ್ತಾಗಾಕಿಲ್ಲ ಬುಡಿ."

ಈ ಕಾಗದ ಅಂಚೆಗೆ ಹಾಕುವ ದಿನ: ಆ ಹಂಚು ಯಾವುದೆಂದು ನನಗೂ ಗುರುತು ಸಿಗದ ದಿನ.