ಹರಳುಗಟ್ಟದ ಪುಡಿ

ಜೂನ್ 24, ಮಂಗಳವಾರ

ಇವತ್ತೂ ಪುಡಿ. ಶೀಶೆಯ ತಳದಲ್ಲಿ ಹಿಟ್ಟು ಮೆತ್ತಿದ ಹಾಗೆ. ಪುಡಿ ಕರಗಿಸುವ ಸಾಲ್ವೆಂಟ್ ಬದಲಾಯಿಸಿದೆ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದೆ, ಫ್ರಿಜ್‌ನಲ್ಲಿಟ್ಟೆ... ಕರೆಂಟ್ ಹೋಯಿತು. ತರೀಕೆರೆಯ ಈ ಥಂಡಿಗೆ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಹರಳು?

ಪಿಎಚ್‌ಡಿ ಗೈಡ್ ಓಂಕಾರೇಶ್ ಸರ್ ಫೋನ್‌ನಲ್ಲಿ, "ಒಂದೇ ಒಂದು ಒಳ್ಳೇ ಕ್ರಿಸ್ಟಲ್ ಕೊಡಮ್ಮ, ಸ್ಟ್ರಕ್ಚರ್ ನಾನು ತೆಗೆಸ್ತೀನಿ" ಎಂದರು. ಒಂದೇ ಒಂದು. ಕೇಳುವುದು ಸುಲಭ.

ಜೂನ್ 29, ಭಾನುವಾರ

ಅಜ್ಜಂಪುರಕ್ಕೆ ಹೋಗಿದ್ದೆ. ಲೈನ್‌ಮನ್ ಆಗಿದ್ದ ಅಣ್ಣ ಕಂಬದಿಂದ ಬಿದ್ದ ಮೇಲೆ ಅವನ ಎರಡೂ ಕಾಲು ಸ್ವಾಧೀನದಲ್ಲಿಲ್ಲ. ಇದ್ದಕ್ಕಿದ್ದಂತೆ ಕೊರಡಿನ ಹಾಗೆ ಸೆಟೆಯುತ್ತವೆ. ಮಾತ್ರೆ ನುಂಗಿದರೆ ದಿನವಿಡೀ ಮಂಪರು.

"ಸುಮಿ, ನಿನ್ ಔಷಧಿ ಎಲ್ಲಿಗ್ ಬಂತು?"

"ಔಷಧಿ ಅಲ್ಲ ಕಣೋ ಅಣ್ಣ. ಮುಂದೆ ಆದ್ರೂ ಆಗ್ಬೋದು. ಮೊದ್ಲು ಹರಳು ಆಗ್ಬೇಕು, ಎಕ್ಸ್-ರೇ ಹಾಯಿಸಿ ಒಳಗೆ ಜೋಡಣೆ ಹೆಂಗೈತೆ ನೋಡ್ಬೇಕು. ಕಾಲು ಸಡಿಲ ಮಾಡುತ್ತೋ ಇಲ್ವೋ ಆಮೇಲಿನ ಮಾತು."

"ಆಮೇಲೆ ಅಂದ್ರೆ?"

"ವರ್ಷಗಟ್ಟಲೆ."

ಮುಖ ಗೋಡೆ ಕಡೆ ತಿರುಗಿಸಿಕೊಂಡ.

ಜುಲೈ 11, ಶುಕ್ರವಾರ

ಅತ್ತಿಗೆ ಯಶೋದಾ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬ್‌ಗೇ ಬಂದಿದ್ದರು. ಅಣ್ಣನಿಗೆ ಹೇಳದೆ. ಬ್ಯಾಗಿನಿಂದ ಖಾಲಿ ಮಾತ್ರೆ ಡಬ್ಬಿ ತೆಗೆದರು.

"ಆ ಪುಡಿ ಒಂದ್ ಚಿಟಿಕೆ ಕೊಡು. ನಾನೇ ಮೊದ್ಲು ತಿಂದ್ ನೋಡ್ತೀನಿ."

"ಅತ್ತಿಗೆ, ಇದನ್ನ ಇನ್ನೂ ಇಲಿಗೂ ಕೊಟ್ಟಿಲ್ಲ."

"ಇಲಿಗಿಂತ ಮೊದ್ಲು ನಾನು ಅಂದ್ನಲ್ಲ."

ಕೊಡಲಿಲ್ಲ. ಕಪಾಟಿಗೆ ಬೀಗ ಹಾಕಿದೆ — ಅವರೆದುರಿಗೇ. ಅಷ್ಟು ಬೇಡವಾಗಿತ್ತು.

"ನಿಂಗೆ ಹರಳು ಬೇಕು. ನಂಗೆ ಅವ್ರು ಒಂದ್ ರಾತ್ರಿ ನಿದ್ದೆ ಮಾಡಿದ್ರೆ ಸಾಕು" ಎಂದು ಹೊರಟರು. ಕಾಫಿಯನ್ನೂ ಕುಡಿಯಲಿಲ್ಲ.

ಜುಲೈ 30, ಬುಧವಾರ

ಹರಳು. ಸೂಜಿಯಂಥದ್ದು. ಮೈಕ್ರೋಸ್ಕೋಪ್ ಕೆಳಗೆ ಫಳಫಳ. ಉಸಿರು ಬಿಡಲೂ ಭಯ. ಸರ್ ಕೈಗೇ ಒಪ್ಪಿಸಿ ಬಂದೆ. ಅಣ್ಣನ ಮನೆಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಲಿಲ್ಲ.

ಆಗಸ್ಟ್ 21, ಗುರುವಾರ

ಎಕ್ಸ್-ರೇ ರಿಸಲ್ಟ್ ಬಂತು. ಸ್ಟ್ರಕ್ಚರ್ ಚೆನ್ನಾಗಿದೆ. ಆದರೆ ನಾನು ಮಾಡಬೇಕಿದ್ದ ವಸ್ತುವಿನದಲ್ಲ. ಯಾವ ಕಚ್ಚಾ ರಾಸಾಯನಿಕದಿಂದ ಶುರು ಮಾಡಿದ್ದೆನೋ ಅದೇ, ಹಾಗೇ ಹರಳಾಗಿ ಕೂತಿದೆ. ರಿಯಾಕ್ಷನ್ ಪೂರ್ತಿ ಆಗಿಯೇ ಇರಲಿಲ್ಲ. ಅದರ ಬಾಟಲಿ ಮೇಲೆ ತಲೆಬುರುಡೆ ಗುರುತು. ಅತ್ತಿಗೆ ಬಂದ ದಿನ ಕಪಾಟಿನಲ್ಲಿದ್ದದ್ದು ಇದೇ ಪುಡಿ.

"ಹೀಗಾಗುತ್ತಮ್ಮ. ಮೊದಲಿಂದ ಮಾಡು" ಎಂದರು ಸರ್. ಮಧ್ಯಾಹ್ನದ ಕ್ಲಾಸ್‌ನಲ್ಲಿ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿದ್ದೆ. ಏನು ಪಾಠ ಎಂಬುದೇ ಮರೆತು ಹೋಗಿತ್ತು.

ಆಗಸ್ಟ್ 24, ಭಾನುವಾರ

ಅಜ್ಜಂಪುರ. ಇಬ್ಬರಿಗೂ ಎಲ್ಲ ಹೇಳಿದೆ. ಅತ್ತಿಗೆ ಲ್ಯಾಬ್‌ಗೆ ಬಂದದ್ದು ಅಣ್ಣನಿಗೆ ಇವತ್ತೇ ಗೊತ್ತಾದದ್ದು. ಅವರನ್ನೇ ನೋಡುತ್ತಿದ್ದ.

"ನೀನ್ ಅದನ್ನ ತಿಂತಿದ್ಯೇನೇ?"

ಅತ್ತಿಗೆ ಹಾಲು ಉಕ್ಕುತ್ತೆ ಎಂದು ಒಳಗೆ ಹೋದರು. ಒಲೆ ಹಚ್ಚಿರಲೇ ಇಲ್ಲ.

ಅಷ್ಟರಲ್ಲಿ ಅಣ್ಣನ ಕಾಲು ಸೆಟೆಯಿತು. ಹಲ್ಲು ಕಚ್ಚಿಕೊಂಡ. ಹಿಮ್ಮಡಿ ಹಿಡಿದು, ಮಂಡಿಯಡಿ ಕೈ ಕೊಟ್ಟು ಮಡಚಲು ನೋಡಿದೆ. ಬಗ್ಗಲಿಲ್ಲ.

"ಎಳೀಬೇಡ. ಹಿಡ್ಕಂಡು ಕಾಯ್ಬೇಕು." ಅತ್ತಿಗೆ ಒಳಗಿನಿಂದಲೇ. ಅವತ್ತು ಲ್ಯಾಬ್‌ನಿಂದ ಹೋದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

ಕಾದೆ. ಅತ್ತಿಗೆ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಮೇಲೆ ಕೈಯಿಟ್ಟರು. ಬೆರಳ ಕೆಳಗೆ ಮೀನಖಂಡ ಮೊದಲು ಅದುರಿತು, ಆಮೇಲೆ ಮೆಲ್ಲಗೆ ಸಡಿಲಾಗತೊಡಗಿತು.